ಬ್ಯಾಡ್ಜ್ ಬಿಡಿ, ಗಾಜು ನೋಡಿ

ನಮ್ಮ ದೊಡ್ಡಪ್ಪನ ಮನೆಯ ಹಾಲ್‌ನಲ್ಲಿ ಒಂದು ಫೋಟೊ ಇದೆ. ಐವತ್ತು ವರ್ಷದಲ್ಲಿ ಅದರ ಬಣ್ಣವೆಲ್ಲ ಇಳಿದು ಒಂದು ನಮೂನೆ ಕಾವಿಗೆ ತಿರುಗಿದೆ. ಎಪ್ಪತ್ತರ ದಶಕದ ಆರಂಭದಲ್ಲಿ ಡಾಕ್ಟರ್ ಕೆಲಸಕ್ಕೆಂದು ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದ ದೊಡ್ಡಪ್ಪ, ಸ್ವೆಟರ್ ತೊಟ್ಟು, ಉದ್ದನೆಯ ಕಾರೊಂದರ ಹಿಂಭಾಗಕ್ಕೆ ಒರಗಿ ನಿಂತಿದ್ದಾರೆ. ಅದನ್ನು ನಾವೆಲ್ಲ ‘ದೊಡ್ಡಪ್ಪನ ಜಾಗ್ವಾರ್’ ಎಂದೇ ಕರೆಯುತ್ತಾ ಬೆಳೆದವರು. ಹೋದ ವರ್ಷ ಫ್ರೇಮ್ ಬದಲಾಯಿಸಲು ಫೋಟೊ ಹೊರಗೆ ತೆಗೆದಾಗ ಭೂತಗನ್ನಡಿ ಹಿಡಿದು ನೋಡಿದೆ. ಅದು ಜಾಗ್ವಾರ್ ಅಲ್ಲ. ದೊಡ್ಡಪ್ಪನದೂ ಅಲ್ಲ. ‘ಅದು ಅವರ ಆಸ್ಪತ್ರೆಯ ದೊಡ್ಡ ಡಾಕ್ಟರದು ಕಣೋ, ನಾವು ಓಡಾಡ್ತಿದ್ದದ್ದು ಬಸ್ಸಲ್ಲಿ’ ಎಂದರು ದೊಡ್ಡಮ್ಮ, ಪಲ್ಯಕ್ಕೆ ಹುರುಳಿಕಾಯಿ ಮುರಿಯುತ್ತಲೇ.

ಇಂಥ ಫೋಟೊ ಎಷ್ಟೋ ಮನೆಗಳಲ್ಲಿ ಇದ್ದೀತು. ಆ ಕಾಲದಲ್ಲಿ ಓದಿಗೆಂದು, ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದವರೆಲ್ಲ ಯಾರದ್ದೋ ಕಾರಿನ ಪಕ್ಕ ಒಂದು ಪಟ ತೆಗೆಸಿಕೊಂಡು ಊರಿಗೆ ಕಳಿಸಿದವರೇ. ಈಗ ಅಲ್ಲೇ ನೆಲೆಸಿರುವ ಮಕ್ಕಳು ಭಾನುವಾರ ಹಳೇ ಕಾರಿನ ಮೇಳಕ್ಕೆ ಹೋಗಿ ವಾಟ್ಸ್ಯಾಪಿನಲ್ಲಿ ಚಿತ್ರ ಕಳಿಸಿ ‘ಇದು ಯಾವುದು ಹೇಳು’ ಎಂದು ಕೇಳುತ್ತಾರೆ. ಎಪ್ಪತ್ತರ ದಶಕದ ಬ್ರಿಟಿಷ್ ಜಿಟಿ ಕಾರುಗಳ ಮಟ್ಟಿಗೆ ಹೇಗೆ ಹೇಳುವುದು ಎಂಬುದಕ್ಕೆ ಈ ಬರಹ. ನಂಬರ್ ಪ್ಲೇಟೊಂದನ್ನು ಬಿಟ್ಟು, ಕಾರಿನ ಮೇಲೆ ಸ್ಕ್ರೂ ಹಾಕಿ ಕೂರಿಸಿದ್ದನ್ನೆಲ್ಲ ಕೊನೆಗೆ ನೋಡಿ. ಬ್ಯಾಡ್ಜು, ಚಕ್ರ, ದೀಪ, ಸ್ಟೇರಿಂಗು ಎಲ್ಲವನ್ನೂ ಒಂದು ಸಂಜೆಯಲ್ಲಿ ಬದಲಾಯಿಸಬಹುದು. ಗಾಜಿನ ಆಕಾರ, ಚಾವಣಿಯ ಇಳಿಜಾರು, ಬಾಗಿಲಿಗೂ ಮುಂದಿನ ಚಕ್ರಕ್ಕೂ ಇರುವ ಅಂತರ ಇವನ್ನು ಬದಲಾಯಿಸಬೇಕಾದರೆ ಕಾರನ್ನೇ ಹೊಸದಾಗಿ ಕಟ್ಟಬೇಕು.

ಜಿಟಿ ಎಂಬುದು ಗ್ರಾನ್ ಟುರಿಸ್ಮೊ ಎಂಬ ಇಟಾಲಿಯನ್ ಮಾತಿನ ಮೊದಲ ಅಕ್ಷರಗಳು. ದೂರದ ದಾರಿಗೆಂದೇ ಮಾಡಿದ ಕಾರು. ಎರಡು ಬಾಗಿಲು, ಮುಂದೆ ಇಬ್ಬರಿಗೆ ಧಾರಾಳ ಜಾಗ, ಹಿಂದೆ ಮಕ್ಕಳು ಹೇಗೋ ಕಾಲು ಮಡಚಿ ಕೂರುವಷ್ಟು ಸೀಟು, ಡಿಕ್ಕಿಯಲ್ಲಿ ವಾರದ ಬಟ್ಟೆಬರೆ, ಬಾನೆಟ್ಟಿನ ಕೆಳಗೆ ಅಗತ್ಯಕ್ಕಿಂತ ದೊಡ್ಡ ಎಂಜಿನ್. ಬೆಳಿಗ್ಗೆ ಲಂಡನ್ ಬಿಟ್ಟು ಫ್ರಾನ್ಸಿನ ದಕ್ಷಿಣದ ಕಡಲತೀರಕ್ಕೆ ಒಂದೇ ಉಸಿರಿಗೆ ಹೋಗಬೇಕು ಎಂಬುದು ಅದರ ಕನಸು. ಬ್ರಿಟನ್ನಿನಲ್ಲಿ ಇಂಥವನ್ನು ಕಟ್ಟುತ್ತಿದ್ದ ಕಾರ್ಖಾನೆಗಳಲ್ಲಿ ಹಲವು ತೀರಾ ಚಿಕ್ಕವು. ವರ್ಷಕ್ಕೆ ಕೆಲವೇ ನೂರು ಕಾರು. ಗುರುತು ಹಿಡಿಯುವ ಕಷ್ಟ ಶುರುವಾಗುವುದೂ ಇಲ್ಲೇ. ವರ್ಷದ ನಡುವೆ ಬಾನೆಟ್ ಬದಲಾಗುತ್ತಿತ್ತು, ಹೆಸರು ಹಳೆಯದೇ ಉಳಿಯುತ್ತಿತ್ತು.

ಮೊದಲು ನಂಬರ್ ಪ್ಲೇಟು ನೋಡಿ. ಆಗಿನ ಬ್ರಿಟಿಷ್ ನಂಬರಿನಲ್ಲಿ ಮೂರು ಅಕ್ಷರ, ಒಂದರಿಂದ ಮೂರು ಅಂಕಿ, ಕೊನೆಗೆ ಒಂಟಿ ಅಕ್ಷರ ಇರುತ್ತಿತ್ತು. ಆ ಒಂಟಿ ಅಕ್ಷರವೇ ವರ್ಷ. 1967ರಿಂದ ಈ ಅಕ್ಷರ ಪ್ರತಿ ಆಗಸ್ಟ್ 1ಕ್ಕೆ ಬದಲಾಗುತ್ತಿತ್ತು. ಎಚ್ ಎಂದರೆ 1969ರ ಆಗಸ್ಟಿನಿಂದ 1970ರ ಜುಲೈ. ಅಲ್ಲಿಂದ ವರ್ಷಕ್ಕೊಂದರಂತೆ ಜೆ, ಕೆ, ಎಲ್, ಎಂ, ಎನ್, ಪಿ, ಆರ್, ಎಸ್, ಟಿ. 1979ರ ಆಗಸ್ಟಿಗೆ ವಿ. ಅಂಕಿಗಳ ಜೊತೆ ಗೊಂದಲ ಆಗಬಾರದೆಂದು ಐ, ಓ ಮೊದಲಾದ ಕೆಲವು ಅಕ್ಷರ ಬಿಟ್ಟಿದ್ದರು. ಮುಂದಿನ ಮೂರು ಅಕ್ಷರಗಳಲ್ಲಿ ಕೊನೆಯ ಎರಡು, ನಮ್ಮ ಕೆಎ ನಂತರದ ಸಂಖ್ಯೆಯ ಹಾಗೆ, ಯಾವ ಊರಿನ ಕಚೇರಿಯಲ್ಲಿ ನೋಂದಣಿ ಆಯಿತೆಂದು ಹೇಳುತ್ತವೆ. ಎಚ್‌ಪಿ ಇದ್ದರೆ ಕಾವೆಂಟ್ರಿ, ಅಂದರೆ ಜಾಗ್ವಾರಿನ ತವರು.

ಪ್ಲೇಟಿನ ಬಣ್ಣವೂ ಮಾತಾಡುತ್ತದೆ. 1973ರ ಜನವರಿ 1ರಿಂದ ಹೊಸ ಕಾರುಗಳಿಗೆ ಮುಂದೆ ಬಿಳಿ, ಹಿಂದೆ ಹಳದಿ ಹೊಳೆಯುವ ಪ್ಲೇಟು ಕಡ್ಡಾಯವಾಯಿತು. ಅದಕ್ಕೂ ಮುಂಚೆ ಕಪ್ಪು ಪ್ಲೇಟಿನ ಮೇಲೆ ಬೆಳ್ಳಿ ಅಥವಾ ಬಿಳಿ ಅಕ್ಷರವೇ ಹೆಚ್ಚು. ಆದರೆ ಇದು ಹಳೆಯ ಫೋಟೊಗೆ ಮಾತ್ರ ಸರಿ. ಇಂದಿನ ಮೇಳದಲ್ಲಿ ಕಾಣುವ ಕಪ್ಪು ಪ್ಲೇಟನ್ನು ಮಾಲೀಕ ಶೋಕಿಗೆ ಹಾಕಿಸಿರಬಹುದು. ಹಳೇ ಕಾರಿಗೆ ಅದನ್ನು ಹಾಕಲು ಅನುಮತಿಯಿದೆ. ಇನ್ನೊಂದು ಕಿವಿಮಾತು: ಅಲ್ಲಿ ನಂಬರನ್ನು ಕಾರಿನಿಂದ ಕಾರಿಗೆ ವರ್ಗಾಯಿಸಿಕೊಳ್ಳಬಹುದು. ಕಾರು ಇರುವುದಕ್ಕಿಂತ ಹೊಸದಾಗಿ ಕಾಣುವ ನಂಬರ್ ಹಾಕುವಂತಿಲ್ಲ, ಹಳೆಯದಾಗಿ ಕಾಣುವುದನ್ನು ಹಾಕಿಕೊಳ್ಳಬಹುದು. ಆದ್ದರಿಂದ ‘ಕೆ’ ಇರುವ ಕಾರು 1978ರದ್ದೂ ಆಗಿರಬಹುದು.

ದೊಡ್ಡಪ್ಪನ ಫೋಟೊದಲ್ಲಿ ಪ್ಲೇಟು ಕಪ್ಪು. ಅರ್ಧಕ್ಕೆ ಅವರ ಕಾಲು ಅಡ್ಡ ಬಂದಿದೆ. ಉಳಿದ ಅರ್ಧದಲ್ಲಿ ಕೊನೆಯ ಅಕ್ಷರ ಕೆ. ಪಟ ತೆಗೆದದ್ದೂ ಅದೇ ಕಾಲದಲ್ಲಾದ್ದರಿಂದ ವರ್ಗಾವಣೆಯ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ. 1971ರ ಆಗಸ್ಟಿಗೂ 1972ರ ಜುಲೈಗೂ ನಡುವೆ ರಸ್ತೆಗಿಳಿದ ಕಾರು.

ಇನ್ನು ಗಾಜು. ಆ ಚಿತ್ರದಲ್ಲಿ ದೊಡ್ಡಪ್ಪನ ಮೊಣಕೈ ಊರಿರುವುದು ಗಾಜಿನ ಪಕ್ಕಕ್ಕೆ. ಹಿಂಗಾಜು ಚಾವಣಿಯಿಂದ ಹೊರಟು ಎರಡೂ ಬದಿಗೆ ಬಾಗಿ, ಮೀನಿನ ಬುಡ್ಡಿಯನ್ನು ಅಡ್ಡಲಾಗಿ ಕೊಯ್ದು ಕೂರಿಸಿದ ಹಾಗೆ ಇಳಿದಿದೆ. ಡಿಕ್ಕಿಗೆ ಬೇರೆ ಮುಚ್ಚಳವಿಲ್ಲ, ಆ ಇಡೀ ಗಾಜೇ ಮೇಲಕ್ಕೆ ಏಳುತ್ತದೆ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಈ ಗಾಜು ಕಂಡರೆ ಇನ್ನೇನೂ ನೋಡಬೇಕಿಲ್ಲ, ಅದು ಜೆನ್ಸನ್, ಬಹುಮಟ್ಟಿಗೆ ಇಂಟರ್‌ಸೆಪ್ಟರ್. ಜಾಗ್ವಾರ್ ಇ-ಟೈಪ್ ಕೂಪೆಯ ಹಿಂಬಾಗಿಲು ಚಿಕ್ಕದು, ಅಲಮಾರಿಯ ಬಾಗಿಲಿನಂತೆ ಪಕ್ಕಕ್ಕೆ ತೆರೆಯುತ್ತದೆ. ಐವತ್ತು ವರ್ಷ ನಮ್ಮ ಮನೆಯವರೆಲ್ಲ ತಪ್ಪು ಹೇಳಿದ್ದು ಈ ಒಂದು ಗಾಜನ್ನು ನೋಡದೆ.

ಇಂಟರ್‌ಸೆಪ್ಟರ್ 1966ರಲ್ಲಿ ಬಂತು, 1976ರಲ್ಲಿ ಕಂಪನಿಯ ಜೊತೆಗೇ ಮುಗಿಯಿತು. ಕಾರ್ಖಾನೆ ಇದ್ದದ್ದು ಬರ್ಮಿಂಗ್‌ಹ್ಯಾಮಿನ ಪಕ್ಕದ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ. ಆಕಾರ ಬಿಡಿಸಿದ್ದು ಇಟಲಿಯ ಮಿಲಾನಿನ ಟೂರಿಂಗ್ ಸಂಸ್ಥೆ, ಮೊದಲ ಕೆಲವು ಕಾರುಗಳ ಬಾಡಿ ಕಟ್ಟಿದ್ದೂ ಇಟಲಿಯಲ್ಲೇ, ವಿನ್ಯಾಲೆ ಕಾರ್ಖಾನೆಯಲ್ಲಿ. ಎಂಜಿನ್ ಅಮೆರಿಕದ ಕ್ರೈಸ್ಲರಿನ ಎಂಟು ಸಿಲಿಂಡರಿನ ವಿ8, ಮೊದಲು 6.3 ಲೀಟರಿನದು, ಆಮೇಲೆ 7.2. ಇಟಾಲಿಯನ್ ಅಂಗಿ, ಅಮೆರಿಕನ್ ಹೊಟ್ಟೆ, ಇಂಗ್ಲಿಷ್ ಚರ್ಮದ ಸೀಟು. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಅದೇ ದೊಡ್ಡದು. 1973ರಲ್ಲಿ ಪೆಟ್ರೋಲಿನ ಬಿಕ್ಕಟ್ಟು ಬಂದಾಗ ಇಂಥ ಕಾರಿನ ಗತಿ ಏನಾಗಿರಬಹುದೆಂದು ಬೇರೆ ಹೇಳಬೇಕಿಲ್ಲ.

ಜೆನ್ಸನ್ ಎಂದು ಗೊತ್ತಾದ ಮೇಲೆ ಮುಂದಿನ ಮಡ್‌ಗಾರ್ಡನ್ನು ನೋಡಿ. ಚಕ್ರಕ್ಕೂ ಬಾಗಿಲಿಗೂ ನಡುವೆ ಗಾಳಿ ಹೊರಹೋಗುವ ಕಿಂಡಿ ಒಂದೇ ಇದ್ದರೆ ಇಂಟರ್‌ಸೆಪ್ಟರ್. ಎರಡು ಇದ್ದರೆ ಉಸಿರು ಬಿಗಿಹಿಡಿಯಿರಿ, ಅದು ಎಫ್‌ಎಫ್. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ವಿಮಾನಕ್ಕೆಂದು ಡನ್‌ಲಪ್ ಮಾಡಿದ್ದ ಮ್ಯಾಕ್ಸರೆಟ್ ಎಂಬ ಜಾರದ ಬ್ರೇಕ್ ಅಳವಡಿಸಿದ್ದ ಕಾರು. ಮಾಡಿದ್ದು ಒಟ್ಟು 320 ಮಾತ್ರ, 1971ಕ್ಕೆ ನಿಂತೇಹೋಯಿತು. ಎಫ್‌ಎಫ್ ಎಂದರೆ ಫರ್ಗುಸನ್ ಫಾರ್ಮುಲಾ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಓಡಾಡುವ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರಿನ ಮೇಲೆ ಬರೆದಿರುವುದೂ ಅದೇ ಹ್ಯಾರಿ ಫರ್ಗುಸನ್ ಹೆಸರು. ಕಿಂಡಿಯನ್ನು ಯಾರಾದರೂ ಕೊರೆದು ಎರಡು ಮಾಡಬಹುದಲ್ಲ ಎಂಬ ಅನುಮಾನ ಬಂದರೆ ಟೇಪು ಹಿಡಿಯಿರಿ. ಎಫ್‌ಎಫ್‌ನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ಅಂತರ 109 ಇಂಚು, ಇಂಟರ್‌ಸೆಪ್ಟರಿನಲ್ಲಿ 105. ಹೆಚ್ಚಿನ ನಾಲ್ಕು ಇಂಚು ಇರುವುದು ಬಾಗಿಲಿನ ಮುಂದೆ. ಸ್ಟೇರಿಂಗ್ ಎಡಕ್ಕಿದ್ದರೂ ಅನುಮಾನಿಸಿ, ಎಫ್‌ಎಫ್ ಬಲಗಡೆಯ ಸ್ಟೇರಿಂಗಿನಲ್ಲಿ ಮಾತ್ರ ಬಂತು.

ಕಾರು ಕಣ್ಣೆದುರಿಗೇ ಇದ್ದರೆ ಇನ್ನೊಂದು ಉಪಾಯವುಂಟು. ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಳ್ಳಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಮಾಲೀಕರನ್ನು ಕೇಳಿಯೇ ಮುಟ್ಟಿಸಿ. ಜೆನ್ಸನ್, ಜಾಗ್ವಾರ್, ಟ್ರಯಂಫ್ ಇವುಗಳ ಬಾಡಿ ಉಕ್ಕು, ಅಯಸ್ಕಾಂತ ಹಿಡಿಯುತ್ತದೆ. ಆ್ಯಸ್ಟನ್ ಮಾರ್ಟಿನ್, ಬ್ರಿಸ್ಟಲ್ ಅಲ್ಯೂಮಿನಿಯಂ, ಲೋಟಸ್ ಮತ್ತು ರಿಲಯಂಟ್ ಫೈಬರ್. ಇವುಗಳಿಗೆ ಹಿಡಿಯುವುದಿಲ್ಲ. ಉಕ್ಕಿನ ಕಾರಿನಲ್ಲಿ ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರಿ ಬಿದ್ದರೆ ಅಲ್ಲಿ ತುಕ್ಕು ತಿಂದ ಜಾಗಕ್ಕೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ ಎಂದರ್ಥ. ನಮ್ಮೂರ ಟಿಂಕರಿಂಗ್ ಅಂಗಡಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂದಹಾಗೆ ಆ್ಯಸ್ಟನ್ನಿಗೆ ತುಕ್ಕು ಹಿಡಿಯುವುದೇ ಇಲ್ಲ ಎಂಬ ಮಾತನ್ನು ನಂಬಬೇಡಿ. ಅಲ್ಯೂಮಿನಿಯಂ ತೊಗಲಿನ ಒಳಗಿರುವ ಅಸ್ಥಿಪಂಜರ ಉಕ್ಕಿನದೇ.

ಆ್ಯಸ್ಟನ್ ಮಾರ್ಟಿನ್ ವಿಷಯಕ್ಕೆ ಬಂದರೆ ಬ್ಯಾಡ್ಜಿನ ಮೋಸಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 1971ರಲ್ಲಿ ಬ್ರಿಟಿಷ್ ಟಿವಿಯಲ್ಲಿ ‘ದಿ ಪರ್ಸ್ವೇಡರ್ಸ್’ ಎಂಬ ಧಾರಾವಾಹಿ ಬಂತು. ರೋಜರ್ ಮೂರ್, ಟೋನಿ ಕರ್ಟಿಸ್ ಇಬ್ಬರೂ ನಾಯಕರು. ಮೂರ್ ಓಡಿಸುವ ಹಳದಿ ಆ್ಯಸ್ಟನ್ನಿನ ಮೇಲೆ ವಿ8 ಎಂಬ ಬ್ಯಾಡ್ಜು, ವಿ8ಕ್ಕೆ ಬರುವ ಅಲಾಯ್ ಚಕ್ರ. ಲಕ್ಷಾಂತರ ಜನ ಅದನ್ನು ವಿ8 ಎಂದೇ ನಂಬಿದರು. ನಿಜವಾಗಿ ಅದು ಆರು ಸಿಲಿಂಡರಿನ ಡಿಬಿಎಸ್. ಹೊಸ ವಿ8ಕ್ಕೆ ಪ್ರಚಾರ ಸಿಗಲೆಂದು ಆರು ಸಿಲಿಂಡರಿನ ಕಾರಿಗೆ ಎಂಟರ ವೇಷ ತೊಡಿಸಿದ್ದರು. ಕಾರ್ಖಾನೆಯವರೇ ವೇಷ ಹಾಕಿಸಿದ ಮೇಲೆ ಬ್ಯಾಡ್ಜನ್ನು ಏನೆಂದು ನಂಬುವುದು?

ಡಿಬಿಎಸ್ 1967ರಲ್ಲಿ ಬಂತು, ರೂಪ ಕೊಟ್ಟವರು ವಿಲಿಯಂ ಟೌನ್ಸ್. ಅದಕ್ಕೆಂದು ಟಾಡೆಕ್ ಮಾರೆಕ್ ಎಂಬ ಪೋಲೆಂಡ್ ಮೂಲದ ಎಂಜಿನಿಯರ್ ತಯಾರಿಸುತ್ತಿದ್ದ ವಿ8 ಎಂಜಿನ್ ಸಮಯಕ್ಕೆ ಸಿದ್ಧವಾಗಲಿಲ್ಲ. ಹಾಗಾಗಿ ಹಿಂದಿನ ಡಿಬಿ6ನ ನಾಲ್ಕು ಲೀಟರಿನ ಆರು ಸಿಲಿಂಡರ್ ಎಂಜಿನ್ನನ್ನೇ ಕೂರಿಸಿದರು. 1969ರಲ್ಲಿ ವಿ8 ಬಂತು. ಎರಡಕ್ಕೂ ಮುಖ ಒಂದೇ: ಅಗಲವಾದ ಜಾಲರಿಯೊಳಗೆ ನಾಲ್ಕು ದುಂಡು ದೀಪ. ವ್ಯತ್ಯಾಸ ಚಕ್ರದಲ್ಲಿತ್ತು. ಆರಕ್ಕೆ ತಂತಿ ಕಡ್ಡಿಯ ಚಕ್ರ, ಎಂಟರ ಬಲಕ್ಕೆ ಕಡ್ಡಿ ತಾಳದೆಂದು ಅಲಾಯ್. ಅದನ್ನು ಎಷ್ಟು ನಂಬಬಹುದೆಂದು ರೋಜರ್ ಮೂರ್ ತೋರಿಸಿದ್ದಾರೆ.

1972ರಲ್ಲಿ ಆ್ಯಸ್ಟನ್ನಿನ ಮಾಲೀಕ ಡೇವಿಡ್ ಬ್ರೌನ್ ಆ ಕಂಪನಿಯನ್ನು ಮಾರಿದರು, ಡಿಬಿ ಎಂಬ ಅವರ ಹೆಸರಿನ ಮೊದಲಕ್ಷರಗಳೂ ಕಾರಿನ ಮೇಲಿನಿಂದ ಹೋದವು. ಮುಖವೂ ಬದಲಾಯಿತು: ಜಾಲರಿ ಕಿರಿದಾಗಿ, ಅದರ ಅತ್ತ ಒಂದು ಇತ್ತ ಒಂದು, ಎರಡೇ ದೀಪ. ಹಾಗಾದರೆ ಎರಡು ದೀಪ ಇದ್ದರೆ ವಿ8 ಎನ್ನೋಣವೇ? ಬೇಡ. ಅದೇ ಮುಖದಲ್ಲಿ ಆರು ಸಿಲಿಂಡರಿನ ಎಎಂ ವಾಂಟೇಜ್ ಎಂಬುದನ್ನೂ ಒಂದು ವರ್ಷ ಮಾಡಿದರು, ಸುಮಾರು 70 ಕಾರು. ಆ್ಯಸ್ಟನ್ನಿನಲ್ಲಿ ಸುಳ್ಳು ಹೇಳದ ಭಾಗ ಬಾನೆಟ್ಟಿನ ಉಬ್ಬು. 1973ರವರೆಗೆ ಬಾಷ್ ಇಂಧನ ಇಂಜೆಕ್ಷನ್ ಇದ್ದದ್ದರಿಂದ ಉಬ್ಬು ತಗ್ಗು. ಅದನ್ನು ತೆಗೆದು ಎತ್ತರದ ವೆಬರ್ ಕಾರ್ಬುರೇಟರುಗಳನ್ನು ಕೂರಿಸಿದ ಮೇಲೆ ಉಬ್ಬು ಎದ್ದು ನಿಂತಿತು, ಮುಂದೆ ಗಾಳಿಗೆ ಬಾಯಿ ತೆರೆದಿತ್ತು. 1977ರಲ್ಲಿ ಬಂದ ವಿ8 ವಾಂಟೇಜಿನಲ್ಲಿ ಆ ಬಾಯಿ ಮುಚ್ಚಿತು. ಜಾಲರಿಯನ್ನೂ ಮುಚ್ಚಿ ಅದರಲ್ಲಿ ಎರಡು ದೀಪ ಸಿಕ್ಕಿಸಿದರು, ಗದ್ದದ ಕೆಳಗೆ ಗಾಳಿ ತಡೆಯುವ ಪಟ್ಟಿ, ಹಿಂದೆ ಸ್ಪಾಯ್ಲರ್. ಬಾನೆಟ್ಟಿನ ಬಾಯಿ ಮುಚ್ಚಿದೆ, ಜಾಲರಿ ಮಾತ್ರ ತೆರೆದಿದೆ ಎಂದಾದರೆ ಅದು 1978ರ ಅಕ್ಟೋಬರಿನ ನಂತರದ ಸಾದಾ ವಿ8. ‘ಆಸ್ಕರ್ ಇಂಡಿಯಾ’ ಎಂದು ಅದಕ್ಕೆ ಅಡ್ಡಹೆಸರು. ನಮ್ಮ ಇಂಡಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ವೈರ್‌ಲೆಸ್ಸಿನಲ್ಲಿ ಓ, ಐ ಅಕ್ಷರಗಳನ್ನು ಹೇಳುವ ರೀತಿ ಅದು.

ಮಾಲೀಕರು ಒಪ್ಪಿ ಬಾನೆಟ್ ಎತ್ತಿದರೆ ಎಂಜಿನ್ನಿನ ಮೇಲೆ ಒಂದು ಚಿಕ್ಕ ತಗಡು ಹುಡುಕಿ. ನ್ಯೂಪೋರ್ಟ್ ಪ್ಯಾಗ್ನೆಲ್ ಕಾರ್ಖಾನೆಯಲ್ಲಿ ಒಂದು ವಿ8 ಎಂಜಿನ್ನನ್ನು ಒಬ್ಬನೇ ಕೆಲಸಗಾರ ಜೋಡಿಸುತ್ತಿದ್ದ, ಅವನ ಹೆಸರು ಆ ತಗಡಿನ ಮೇಲೆ ಇರುತ್ತದೆ. ಕಾರು ತೋರಿಸುವ ಯಾವ ಮಾಲೀಕರೂ ಆ ಹೆಸರು ಓದದೆ ಬಾನೆಟ್ ಮುಚ್ಚುವುದಿಲ್ಲ.

ಈಗ ನಿಜವಾದ ಜಾಗ್ವಾರ್. 2008ರಿಂದ ಈ ಕಂಪನಿ ಟಾಟಾದವರದು, ಹಾಗಾಗಿ ನಮ್ಮವರಿಗೆ ಸ್ವಲ್ಪ ಸಲಿಗೆ. ಇ-ಟೈಪಿನ ಜಾಗಕ್ಕೆ 1975ರ ಸೆಪ್ಟೆಂಬರಿನಲ್ಲಿ ಬಂದದ್ದು ಎಕ್ಸ್‌ಜೆ-ಎಸ್. ಹಿಂಗಾಜು ಬಹುಮಟ್ಟಿಗೆ ನೆಟ್ಟಗೆ ನಿಂತಿದೆ, ಅದರ ಎರಡು ಬದಿಯಿಂದ ಗೋಡೆಯಂಥ ಎರಡು ರೆಕ್ಕೆ ಡಿಕ್ಕಿಯ ಕೊನೆಯವರೆಗೂ ಇಳಿಜಾರಾಗಿ ಹೋಗಿವೆ. ಆಗ ಜನ ಇದನ್ನು ಬೈದದ್ದೇ ಬೈದದ್ದು. ನನಗಂತೂ ಇಷ್ಟ. ದೂರದಿಂದ ಇದೊಂದನ್ನೇ ತಪ್ಪಿಲ್ಲದೆ ಹೇಳಬಹುದು. ಕಷ್ಟವಿರುವುದು ಅದು ಎಪ್ಪತ್ತರದ್ದೋ ಆಮೇಲಿನದೋ ಎಂಬುದರಲ್ಲಿ, ಏಕೆಂದರೆ ಇದೇ ಕಾರು ತೊಂಬತ್ತರ ದಶಕದವರೆಗೂ ಬಂತು. ಎಪ್ಪತ್ತರ ಎಕ್ಸ್‌ಜೆ-ಎಸ್‌ಗೆ ಎಂಜಿನ್ ಒಂದೇ: 5.3 ಲೀಟರಿನ, ಹನ್ನೆರಡು ಸಿಲಿಂಡರಿನ ವಿ12. ಆರು ಸಿಲಿಂಡರ್ ಕಂಡರೆ ಅದು 1983ರ ನಂತರದ್ದು. ಕಾರ್ಖಾನೆಯಿಂದಲೇ ತೆರೆದ ಚಾವಣಿಯಲ್ಲಿ ಬಂದದ್ದೂ ಎಂಬತ್ತರ ದಶಕದಲ್ಲೇ. ಡ್ಯಾಶ್‌ಬೋರ್ಡಿನಲ್ಲಿ ಮರದ ಪಟ್ಟಿ ಇದ್ದರೆ 1981ರ ಈಚಿನದು, ಮೊದಲಿನವು ಒಳಗೆಲ್ಲ ಕಪ್ಪು, ಸ್ವಲ್ಪ ಬೇಸರ ಹುಟ್ಟಿಸುವಷ್ಟು. ಹಿಂದೆ ಬರೆದ ಹೆಸರಿನಲ್ಲಿ ಜೆ, ಎಸ್ ನಡುವಿನ ಅಡ್ಡಗೆರೆ ಇಲ್ಲದಿದ್ದರೆ 1991ರ ನಂತರದ್ದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಿಂಭಾಗ ವ್ಯಾನಿನಂತೆ ಚಾಚಿದ್ದು, ಪಕ್ಕದ ಕಿಟಕಿಯ ಕೆಳಗೆರೆ ಹಿಂದಕ್ಕೆ ಹೋಗುತ್ತಾ ಮೇಲಕ್ಕೇರಿದರೆ ಅದು ರಿಲಯಂಟ್ ಸಿಮಿಟರ್ ಜಿಟಿಇ. 1968ರಲ್ಲಿ ಬಂದದ್ದು, ಫೋರ್ಡಿನ ಮೂರು ಲೀಟರ್ ವಿ6 ಎಂಜಿನ್. ರಾಜಕುಮಾರಿ ಆ್ಯನ್ ಒಂದಾದ ಮೇಲೊಂದರಂತೆ ಇದನ್ನೇ ಇಟ್ಟುಕೊಂಡಿದ್ದರು. ಹಾಗೇ ಬಾಲ ಚಾಚಿದ್ದರೂ ಮೂಗು ಗೂಟದಂತೆ ಚೂಪಾಗಿದ್ದು, ದೀಪಗಳು ಬಾನೆಟ್ಟಿನೊಳಗೆ ಅಡಗಿದ್ದರೆ 1974ರ ಲೋಟಸ್ ಎಲೀಟ್. ತೆರೆದ ಕಾರು, ತಲೆಯ ಮೇಲೆ ಟಿ ಆಕಾರದ ಕಮಾನು ಕಂಡರೆ ಟ್ರಯಂಫ್ ಸ್ಟ್ಯಾಗ್, 1970ರಿಂದ 1977. ಅದರ ಸ್ವಂತ ಮೂರು ಲೀಟರ್ ವಿ8 ಬಿಸಿಯಾಗಿ ಕೈಕೊಡುತ್ತದೆ ಎಂದು ಹಲವರು ರೋವರ್ ವಿ8 ಹಾಕಿಸಿಕೊಂಡರು. ಆದ್ದರಿಂದ ಹೊರಗೆ ಸ್ಟ್ಯಾಗ್ ಇದ್ದಮಾತ್ರಕ್ಕೆ ಒಳಗೂ ಸ್ಟ್ಯಾಗ್ ಇರಬೇಕೆಂದಿಲ್ಲ. ಎಂಜಿಬಿ ಜಿಟಿ ವಿ8 ಕಾರ್ಖಾನೆಯಿಂದ ಬಂದದ್ದು 1973ರಿಂದ 1976ರ ನಡುವೆ 2,591 ಮಾತ್ರ. ಅದಕ್ಕಿಂತ ಹೆಚ್ಚಿನವು ಗ್ಯಾರೇಜುಗಳಲ್ಲಿ ವಿ8 ಆಗಿದ್ದರೂ ನನಗೆ ಆಶ್ಚರ್ಯವಿಲ್ಲ.

ಬ್ರಿಸ್ಟಲ್ 411 ಕಂಡರೆ ಮಾತ್ರ ಒಂದು ನಿಮಿಷ ನಿಲ್ಲಿ. ನೋಡಲು ಸಪ್ಪೆ, ದೊಡ್ಡ ಸರ್ಕಾರಿ ಕಾರಿನ ಹಾಗೆ. ಆದರೆ ಮುಂದಿನ ಚಕ್ರದ ಹಿಂದಿರುವ ಮಡ್‌ಗಾರ್ಡಿನ ಹಲಗೆ ಬಾಗಿಲಿನಂತೆ ಮೇಲೇಳುತ್ತದೆ. ಒಂದು ಬದಿಯಲ್ಲಿ ಬ್ಯಾಟರಿ, ಇನ್ನೊಂದು ಬದಿಯಲ್ಲಿ ಸ್ಟೆಪ್ನಿ ನಿಲ್ಲಿಸಿಟ್ಟಿದೆ. ಈ ಸ್ಟೆಪ್ನಿ ಎಂಬ ಮಾತೂ ಬ್ರಿಟನ್ನಿನದೇ. ವೇಲ್ಸಿನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹೆಚ್ಚುವರಿ ಚಕ್ರ ಮಾಡಿ ಮಾರಲು ತೊಡಗಿದ ಕಂಪನಿಯ ಹೆಸರು. ಇಂಗ್ಲಿಷರು ಮರೆತರು, ನಮ್ಮ ಲಾರಿ ಡ್ರೈವರುಗಳು ಉಳಿಸಿಕೊಂಡರು.

ಎಲ್ಲ ಆದ ಮೇಲೂ ಅನುಮಾನ ಉಳಿದರೆ ಕಾಗದ ನೋಡಬೇಕು. ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಯ ಜಾಲತಾಣದಲ್ಲಿ ನಂಬರ್ ಹಾಕಿದರೆ ತಯಾರಕರು, ಎಂಜಿನ್ನಿನ ಗಾತ್ರ, ಬಣ್ಣ, ವರ್ಷ ಬಿಟ್ಟಿಯಾಗಿ ಕಾಣುತ್ತವೆ. ಕಾರಿನ ಮುಂದೆ ನಿಂತೇ ಫೋನಿನಲ್ಲಿ ನೋಡಬಹುದು. ಅಲ್ಲಿ ನಾಲ್ಕು ಲೀಟರ್ ಎಂದಿದ್ದು ಬಾಲದಲ್ಲಿ ವಿ8 ಎಂದಿದ್ದರೆ ನಗು ತಡೆದುಕೊಳ್ಳಿ. ಕೊಳ್ಳುವ ಯೋಚನೆ ಇದ್ದವರು ಇಷ್ಟಕ್ಕೇ ನಿಲ್ಲಬಾರದು. ಚಾಸಿಯ ಮೇಲೆ ಕೊರೆದ ಸಂಖ್ಯೆ, ಎಂಜಿನ್ ಸಂಖ್ಯೆ ಎರಡನ್ನೂ ಬರೆದುಕೊಂಡು ನೋಂದಣಿ ಪುಸ್ತಕದೊಂದಿಗೆ ತಾಳೆ ನೋಡಿ. ಜಾಗ್ವಾರಿಗೆ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್, ಟ್ರಯಂಫ್ ಮತ್ತು ಎಂಜಿಗೆ ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ, ಹಳೆಯ ಕಾರ್ಖಾನೆ ದಾಖಲೆ ತೆಗೆದು ಪ್ರಮಾಣಪತ್ರ ಕೊಡುತ್ತವೆ. ಕಾರು ಹೊರಟಾಗ ಯಾವ ಬಣ್ಣ, ಯಾವ ಎಂಜಿನ್ ಇತ್ತು ಎಂಬುದು ಅದರಲ್ಲಿರುತ್ತದೆ. ಶುಲ್ಕವಿದೆ, ಆದರೆ ಕಾರಿನ ಬೆಲೆಯ ಮುಂದೆ ಅದೊಂದು ಲೆಕ್ಕವಲ್ಲ.

ದೊಡ್ಡಪ್ಪನ ಫೋಟೊದಲ್ಲಿ ಮಡ್‌ಗಾರ್ಡಿನ ಕಿಂಡಿ ಒಂದೇ ಕಾಣುತ್ತದೆ. ಆದ್ದರಿಂದ ಎಫ್‌ಎಫ್ ಅಲ್ಲ. ಎರಡನೇ ಆವೃತ್ತಿಯೋ ಮೂರನೆಯದೋ, ಅಂದರೆ ಮಾರ್ಕ್ ಎರಡೋ ಮೂರೋ ಎಂದು ಹೇಳಲು ಮುಂಭಾಗ ಬೇಕು, ಅದು ಚಿತ್ರದಲ್ಲಿಲ್ಲ. ಚಕ್ರ ಅಲಾಯ್, ಅಂದರೆ ಮಾರ್ಕ್ ಮೂರರ ಲಕ್ಷಣ. ಆದರೆ ಚಕ್ರದ ಸಾಕ್ಷಿ ಎಷ್ಟರದ್ದೆಂದು ಮೇಲೆ ಹೇಳಿಯಾಗಿದೆ. ಫೋಟೊದ ಹಿಂದೆ ಪೆನ್ಸಿಲಿನಲ್ಲಿ ‘ಜೆನ್ಸನ್ ಇಂಟರ್‌ಸೆಪ್ಟರ್, 1971–72, ಬಹುಶಃ ಮಾರ್ಕ್ 3’ ಎಂದು ಬರೆದು ಹೊಸ ಫ್ರೇಮಿಗೆ ಹಾಕಿಸಿದೆ. ಕಳೆದ ತಿಂಗಳು ಮನೆಗೆ ಬಂದ ನೆಂಟರಿಗೆ ದೊಡ್ಡಮ್ಮ ಅದನ್ನು ತೋರಿಸುತ್ತಿದ್ದರು: ‘ಇವರು, ಇವರ ಜಾಗ್ವಾರ್.’